ಮೊಡವೆಯೂ ಅವಸರವೂ

ಬೆಳಗಿನ ಎಂಟೂವರೆಯಿಂದ ಒಂಬತ್ತರವರೆಗೆ ಹಾಸನದ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತು ನೋಡುವಷ್ಟು ವ್ಯವಧಾನವುಳ್ಳವರಿಗೆ ಒಂದು ದೃಶ್ಯ ಕಾಣಸಿಗುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಒಂದರ ಹಿಂದೊಂದು ಬಂದು ನಿಲ್ಲುವ ಬಸ್ಸುಗಳಿಂದ ಇಳಿಯುವ ಕಾಲೇಜು ಮಕ್ಕಳ ಪೈಕಿ ಹಲವರು, ನೆಲಕ್ಕೆ ಕಾಲೂರಿದೊಡನೆಯೇ ಮೊಬೈಲನ್ನು ಹೊರತೆಗೆದು, ಯಾರಿಗೂ ಕರೆಮಾಡದೆ, ಅದರ ಕಪ್ಪು ಗಾಜಿನಲ್ಲಿ ತಮ್ಮ ಮುಖವನ್ನೊಮ್ಮೆ ನೋಡಿ, ಹಣೆಯ ಮೇಲಿನ ಕೂದಲನ್ನು ಒಂದಿಷ್ಟು ಮುಂದಕ್ಕೆಳೆದುಕೊಂಡು ನಡೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಕೆಲವರು ವೇಲನ್ನು ಕಣ್ಣಿನ ಕೆಳಗಿನವರೆಗೂ ಸುತ್ತಿಕೊಂಡಿರುತ್ತಾರೆ. ಕೇಳಿದರೆ ಧೂಳಿಗಾಗಿ ಎನ್ನುತ್ತಾರೆ. ಧೂಳೂ ಉಂಟು, ಸುಳ್ಳಲ್ಲ. ಆದರೆ ಜಡಿಮಳೆ ಹಿಡಿದು ಧೂಳೆಲ್ಲ ಕೆಸರಾಗಿ ಕುಳಿತ ಆಷಾಢದಲ್ಲಿಯೂ ಆ ವೇಲು ಕೆಳಗಿಳಿಯದಿರುವುದನ್ನು ಕಂಡಮೇಲೆ, ಮರೆಮಾಚಬೇಕಾದುದು ಬೇರೆಯೇ ಏನೋ ಇದೆಯೆಂಬುದು ಎಂಥವರಿಗೂ ಹೊಳೆಯುತ್ತದೆ.

ಮೊಡವೆಯಂಥ ಅಲ್ಪ ವಿಷಯವನ್ನು, ಆಲೂಗಡ್ಡೆಯ ಅಂಗಮಾರಿಗೂ ಹೇಮಾವತಿಯ ನೀರಿನ ವ್ಯಾಜ್ಯಕ್ಕೂ ಮೀಸಲಾದ ಪತ್ರಿಕೆಯ ಪುಟಕ್ಕೆ ತರುವುದು ಉಚಿತವೇ ಎಂದು ಕೇಳುವವರಿದ್ದಾರು. ಸುಶ್ರುತಸಂಹಿತೆಯೂ ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿಯೇ ಇರಿಸಿದೆ. ಆದರೆ ಕ್ಷುದ್ರವೆಂದು ಬಗೆದ ಗ್ರಂಥವೇ, ಬೂರುಗದ ಮರದ ಮುಳ್ಳಿಗೆ ಅದನ್ನು ಹೋಲಿಸಿ, ಯೌವನದಲ್ಲಿ ಮುಖದ ಮೇಲೆ ಏಳತಕ್ಕ ಪಿಡಕವೆಂದು ವರ್ಣಿಸಿ, ಮುಖದೂಷಿಕೆ ಎಂಬ ಹೆಸರನ್ನಿಟ್ಟಿದೆ. ರೋಗ ಚಿಕ್ಕದು, ಅದು ದೂಷಿಸುವ ಸ್ಥಳ ಮಾತ್ರ ಮುಖ; ಹದಿನೇಳರ ಹರೆಯದಲ್ಲಿ ಮನುಷ್ಯನಿಗೆ ಮುಖವಲ್ಲದೆ ಬೇರೆ ಆಸ್ತಿಯಾದರೂ ಏನಿದೆ? ನಮ್ಮ ಅಜ್ಜಂದಿರು ‘ಪ್ರಾಯದ ಗುಳ್ಳೆ’ ಎಂದು ನಕ್ಕು ಬಿಟ್ಟುಬಿಡುತ್ತಿದ್ದರು. ಅವರ ನಗು ನಿರ್ದಯವಾಗಿ ತೋರಿದರೂ, ಹೊತ್ತು ಬಂದಾಗ ಹೋಗುತ್ತದೆಯೆಂಬ ಭರವಸೆ ಅದರಲ್ಲಿತ್ತು. ನಾವು ಆ ಭರವಸೆಯನ್ನು ಕಳೆದುಕೊಂಡು, ಅದರ ಸ್ಥಳದಲ್ಲಿ ಅವಸರವನ್ನು ಕೂರಿಸಿದ್ದೇವೆ. ಈ ಅವಸರವು ಮೊಡವೆಗಿಂತ ಹೆಚ್ಚು ಮುಖಗಳನ್ನು ಕೆಡಿಸುತ್ತಿದೆಯೆಂಬುದೇ ನಾನು ಹೇಳಬೇಕೆಂದಿರುವ ಮಾತು.

ನನ್ನ ತಂಗಿಯ ಮಗಳು ಹೊಳೆನರಸೀಪುರದಲ್ಲಿ ಬೆಳೆದವಳು. ಪಿಯುಸಿಯ ಎರಡನೆಯ ವರ್ಷದಲ್ಲಿದ್ದಾಗ, ಚನ್ನರಾಯಪಟ್ಟಣದ ಛತ್ರವೊಂದರಲ್ಲಿ ನಡೆದ ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿ ಏಳುವ ಹೊತ್ತಿನಲ್ಲಿ, ದೂರದ ಸಂಬಂಧದ ಹಿರಿಯಾಕೆಯೊಬ್ಬರು ಆ ಹುಡುಗಿಯ ಗದ್ದವನ್ನು ಹಿಡಿದೆತ್ತಿ, ಪ್ರೀತಿಯಿಂದಲೇ, “ಏನವ್ವ, ಮೊಕೆಲ್ಲ ಗುಳ್ಳೆ ಎದ್ದು ಹಿಂಗಾಗೈತಲ್ಲ, ಏನೂ ಹಚ್ಚಕಿಲ್ವ?” ಎಂದರು. ಪಂಕ್ತಿಯ ಅರ್ಧ ಜನ ತಿರುಗಿ ನೋಡಿದರು. ಹುಡುಗಿ ನಕ್ಕಳು, ಪಾಯಸವನ್ನು ಎಲೆಯಲ್ಲಿಯೇ ಬಿಟ್ಟೆದ್ದಳು. ಮರುದಿನ ಸಂಜೆ ಟ್ಯೂಷನ್ ಮುಗಿಸಿ ಬರುವಾಗ, ಯಾವುದೋ ಒಂದು ಔಷಧದ ಅಂಗಡಿಯಲ್ಲಿ (ಅದರ ಹೆಸರು ಇಲ್ಲಿ ಬೇಡ, ಅಂಥವು ಎಲ್ಲ ಊರಲ್ಲಿಯೂ ಇವೆ) ಮೊಡವೆಗೆ ಏನಾದರೂ ಕೊಡಿರೆಂದು ಕೇಳಿದಳಂತೆ. “ಇದನ್ನೇ ಎಲ್ಲರೂ ತಗೊಂಡೋಗೋದು, ನಾಕೇ ದಿನ, ಮುಖ ತಿಳಿಯಾಗುತ್ತೆ” ಎಂದು ಅಲ್ಲಿನ ಹುಡುಗನು ಒಂದು ಬಿಳಿಯ ಟ್ಯೂಬನ್ನು ಕೈಗಿತ್ತನು.

ಅವನು ಹೇಳಿದ್ದು ಅಕ್ಷರಶಃ ನಿಜವಾಯಿತು. ನಾಲ್ಕೇ ದಿನಗಳಲ್ಲಿ ಕೆಂಪು ಅಡಗಿತು; ಹದಿನೈದು ದಿನಗಳಲ್ಲಿ ಮುಖಕ್ಕೆ ಹಾಲಿನ ಕೆನೆಯಂಥ ಬೆಳ್ಪು ಬಂದಿತು; ಮನೆಯವರೆಲ್ಲ ಮೆಚ್ಚಿದರು, ನಾನೂ ಮೆಚ್ಚಿದೆನೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಮೂರನೆಯ ತಿಂಗಳಲ್ಲಿ ಬಿಸಿಲಿಗೆ ಹೋದರೆ ಕೆನ್ನೆ ಕೆಂಡದಂತಾಗತೊಡಗಿತು. ನಾಲ್ಕನೆಯ ತಿಂಗಳಲ್ಲಿ, ಮುಂಚೆ ಇದ್ದ ನಾಲ್ಕಾರು ಗುಳ್ಳೆಗಳ ಬದಲು, ರವೆ ಎರಚಿದಂತೆ ಒಂದೇ ಗಾತ್ರದ ನೂರಾರು ಗುಳ್ಳೆಗಳು ಎದ್ದವು. ಎರಡು ದಿನ ಹಚ್ಚುವುದನ್ನು ಬಿಟ್ಟರೆ ಉರಿ, ತುರಿ, ಊತ. “ಬಿಟ್ಟಿದ್ದಕ್ಕೇ ಹೀಗಾಯ್ತು, ಹಚ್ಚೇ ಹಚ್ಚು” ಎಂದು ನನ್ನ ತಂಗಿ ಗದರಿದಳು. ತಾಯಿಯ ತರ್ಕದಲ್ಲಿ ತಪ್ಪಿರಲಿಲ್ಲ, ಏಕೆಂದರೆ ಮತ್ತೆ ಹಚ್ಚಿದೊಡನೆ ಉರಿ ನಿಲ್ಲುತ್ತಿತ್ತು. ನಾನು ಆ ಟ್ಯೂಬನ್ನು ಕೇಳಿ ತೆಗೆದುಕೊಂಡು ನೋಡಿದೆ. ಕೊನೆಯ ಕಾಳಷ್ಟು ಮುಲಾಮನ್ನೂ ಬಿಡದಂತೆ ಅದರ ಬಾಲವನ್ನು ಚಾಪೆಯ ಹಾಗೆ ಸುತ್ತಿ ಸುತ್ತಿ ಕುತ್ತಿಗೆಯವರೆಗೆ ತಂದಿದ್ದಳು. ಸುರುಳಿಯನ್ನು ಬಿಚ್ಚಿ ಕನ್ನಡಕ ಹಾಕಿಕೊಂಡು ಓದಿದರೆ, ಸಾಸಿವೆಗಿಂತ ಚಿಕ್ಕ ಅಕ್ಷರಗಳಲ್ಲಿ ಮೂರು ಹೆಸರುಗಳಿದ್ದವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಚರ್ಮದ ಬಣ್ಣವನ್ನು ತಗ್ಗಿಸತಕ್ಕದ್ದು, ಎರಡನೆಯದು ಎ ಜೀವಸತ್ತ್ವದ ವಂಶದ್ದು, ಮೂರನೆಯದು ಸ್ಟೀರಾಯ್ಡ್.

ಸ್ಟೀರಾಯ್ಡ್ ಮುಲಾಮು ದುಷ್ಟ ವಸ್ತುವಲ್ಲ. 1952ರಲ್ಲಿ ಹೈಡ್ರೋಕಾರ್ಟಿಸೋನನ್ನು ಮೊದಲಬಾರಿಗೆ ಚರ್ಮಕ್ಕೆ ಲೇಪಿಸಿ ಫಲ ಕಂಡಂದಿನಿಂದ, ಇಸಬು ಮೊದಲಾದ ವ್ಯಾಧಿಗಳಿಂದ ನರಳುತ್ತಿದ್ದ ಎಷ್ಟೋ ಲಕ್ಷ ಜನರಿಗೆ ಅದು ನೆಮ್ಮದಿಯ ನಿದ್ರೆಯನ್ನು ಕೊಟ್ಟಿದೆ. ಆದರೆ ಅದು ರಕ್ತನಾಳಗಳನ್ನು ಸಂಕೋಚಗೊಳಿಸಿ, ಉರಿಯೂತವನ್ನು ಅದುಮಿ, ಮೇಲ್ನೋಟಕ್ಕೆ ಮುಖವನ್ನು ತಿಳಿಯಾಗಿಸುತ್ತಿರುವಾಗಲೇ ಒಳಗೆ ಚರ್ಮವನ್ನು ತೆಳುವಾಗಿಸುತ್ತದೆ. ದಿನವಹಿ ತಿಂಗಳುಗಟ್ಟಲೆ ಹಚ್ಚಿದವರಿಗೆ ಕೆನ್ನೆಯಲ್ಲಿ ಎಳೆಎಳೆಯಾಗಿ ರಕ್ತನಾಳಗಳು ಕಾಣಿಸಿಕೊಳ್ಳುತ್ತವೆ, ಹೆಣ್ಣುಮಕ್ಕಳಿಗೆ ಬೇಡದ ರೋಮ ಹುಟ್ಟುತ್ತದೆ, ಮತ್ತು (ವಿಧಿಯ ವ್ಯಂಗ್ಯವೆಂದರೆ ಇದೇ) ಹೊಸದಾಗಿ ಮೊಡವೆಯೇ ಏಳುತ್ತದೆ. 2011ರಲ್ಲಿ ನಮ್ಮ ದೇಶದ ಹಲವು ನಗರಗಳ ಚರ್ಮವೈದ್ಯರು ಕೂಡಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಯೆಂದು ಬಂದ 2926 ಮಂದಿಯ ಪೈಕಿ 433 ಮಂದಿ ಇಂಥ ಮುಲಾಮುಗಳನ್ನು ಬಳಸುತ್ತಿದ್ದರೆಂದು ಕಂಡುಬಂದಿತು. ಅವರಲ್ಲಿ ಅತಿ ಹೆಚ್ಚಾಗಿ ಕಂಡ ದುಷ್ಪರಿಣಾಮವು ಮೊಡವೆಯೇ ಆಗಿತ್ತು. ಕೇಂದ್ರ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಎಂಬ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿಸಿದ್ದು ದಿಲ್ಲಿಯಲ್ಲಿ. ನಮ್ಮ ತಾಲ್ಲೂಕು ಕೇಂದ್ರಗಳ ಅಂಗಡಿಕಟ್ಟೆಯ ಮೇಲೆ ಆ ವಿಧಿಯು ಎಷ್ಟರಮಟ್ಟಿಗೆ ಜೀವಂತವಾಗಿದೆಯೆಂಬುದನ್ನು, ಓದುಗರು ಯಾವ ಸಂಜೆಯಾದರೂ ಒಂದು ಟ್ಯೂಬನ್ನು ಕೇಳಿ ಪರೀಕ್ಷಿಸಬಹುದು. ಚೀಟಿ ಕೇಳುವ ಅಂಗಡಿಯವರೂ ಇದ್ದಾರೆ. ಅವರಿಗೆ ವ್ಯಾಪಾರ ಕಡಿಮೆಯೆಂಬುದೂ ನನಗೆ ತಿಳಿದಿದೆ.

ಇಷ್ಟಾದಮೇಲೆ, “ಅದಕ್ಕೇ ನಾನು ಹೇಳೋದು, ಔಷಧಿಗಿಷಧಿ ಬೇಡ, ಮನೆಯಲ್ಲೇ ಇರುವುದನ್ನು ಹಚ್ಚಿ” ಎಂಬ ಪಂಥದವರು ಗೆಲುವಿನ ನಗೆ ನಗುವುದು ಸಹಜ. ಅವರ ಬಳಿಗೆ ಬರುವ ಮುನ್ನ ಮೊಡವೆಯೆಂಬುದು ಏನೆಂದು ಒಂದಿಷ್ಟು ತಿಳಿದುಕೊಳ್ಳುವುದು ಒಳಿತು. ಏಕೆಂದರೆ ನಮ್ಮ ಮನೆಮದ್ದುಗಳ ಅರ್ಧಕ್ಕರ್ಧ ತಪ್ಪು, ಮೊಡವೆಯು ಕೊಳೆಯಿಂದ ಹುಟ್ಟುತ್ತದೆಂಬ ಒಂದೇ ತಪ್ಪು ತಿಳಿವಳಿಕೆಯಿಂದ ಹೊರಟದ್ದು.

ಮುಖ, ಎದೆ, ಬೆನ್ನುಗಳ ರೋಮಕೂಪಗಳ ಪಕ್ಕದಲ್ಲಿ ಸ್ನಿಗ್ಧಗ್ರಂಥಿಗಳಿವೆ. ಹರೆಯ ಬಂದೊಡನೆ, ಆಂಡ್ರೋಜೆನ್ ಎಂಬ ಹಾರ್ಮೋನಿನ ಪ್ರೇರಣೆಯಿಂದ (ಇದು ಗಂಡುಮಕ್ಕಳಲ್ಲಿಯೂ ಹೆಣ್ಣುಮಕ್ಕಳಲ್ಲಿಯೂ ಉಂಟು) ಆ ಗ್ರಂಥಿಗಳು ಹಿಗ್ಗಿ ಜಿಡ್ಡನ್ನು ಹೆಚ್ಚಾಗಿ ಸುರಿಸತೊಡಗುತ್ತವೆ. ಅದೇ ಕಾಲಕ್ಕೆ ಕೂಪದ ಕಂಠದಲ್ಲಿ ಉದುರಿಹೋಗಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಮುಚ್ಚಿದ ಆ ಮಡಕೆಯೊಳಗೆ, ಎಲ್ಲರ ಚರ್ಮದ ಮೇಲೂ ನಿರುಪದ್ರವಿಯಾಗಿ ವಾಸಿಸುವ ಒಂದು ಜಾತಿಯ ಬ್ಯಾಕ್ಟೀರಿಯಾ ವೃದ್ಧಿಯಾಗಿ ಉರಿಯೂತಕ್ಕೆ ಕಾರಣವಾಗುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಯನ್ನು ನಾವೆಲ್ಲ ಧೂಳೆಂದು ನಂಬಿ ಉಜ್ಜಿದವರೇ. ಅದು ಧೂಳಲ್ಲ, ಬಿರಡೆಯಲ್ಲಿರುವ ಚರ್ಮವರ್ಣವೇ ಗಾಳಿಗೆ ಸೋಕಿ ಕಪ್ಪಾದದ್ದು. ಕಣ್ಣಿಗೆ ಇಂದು ಕಾಣುತ್ತಿರುವ ಮೊಡವೆಗೆ ಬೀಜ ಬಿದ್ದದ್ದು ಹಲವು ವಾರಗಳ ಹಿಂದೆ. ಆದುದರಿಂದಲೇ ನಿಜವಾದ ಯಾವ ಚಿಕಿತ್ಸೆಯೂ ಎಂಟರಿಂದ ಹನ್ನೆರಡು ವಾರಗಳಿಗೆ ಮುನ್ನ ಸರಿಯಾಗಿ ಫಲ ತೋರಲಾರದು. ನಾಲ್ಕು ದಿನಗಳಲ್ಲಿ ಫಲ ತೋರಿಸುವ ವಸ್ತುವು ಫಲವನ್ನು ತೋರಿಸುತ್ತಿಲ್ಲ, ಬೇರೆ ಏನನ್ನೋ ತೋರಿಸುತ್ತಿದೆಯೆಂದು ತಿಳಿಯಬೇಕು. ಹನ್ನೆರಡರಿಂದ ಇಪ್ಪತ್ತನಾಲ್ಕರ ವಯೋಮಾನದಲ್ಲಿ ನೂರಕ್ಕೆ ಎಂಬತ್ತೈದು ಮಂದಿಗೆ ಯಾವುದಾದರೊಂದು ಪ್ರಮಾಣದಲ್ಲಿ ಇದು ಬಂದೇ ಬರುತ್ತದೆಂದು ವೈದ್ಯಗ್ರಂಥಗಳು ಲೆಕ್ಕ ಹೇಳುತ್ತವೆ. ಹೀಗಿರುವಾಗ, ಮೊಡವೆಯುಳ್ಳ ಹುಡುಗನನ್ನು ಮುಖ ತೊಳೆಯದವನೆಂದು ಭಾವಿಸುವುದು, ಮೀಸೆ ಬಂದ ಹುಡುಗನನ್ನು ಅಶುಚಿಯೆಂದು ಭಾವಿಸಿದಂತೆ.

ಈಗ ಅಡುಗೆಮನೆಗೆ ಬರೋಣ. ನನ್ನ ತಾಯಿಯ ಬಳಿ ಒಂದು ಸಾಣೆಕಲ್ಲಿದೆ. ಅವರ ತಾಯಿಯಿಂದ ಬಂದದ್ದು. ಮೂರು ತಲೆಮಾರಿನ ಗಂಧದ ಕೊರಡು ತಿರುಗಿ ತಿರುಗಿ ಅದರ ನಡುವೆ ಅಂಗೈ ಗುಳಿಯಷ್ಟು ತಗ್ಗು ಬಿದ್ದಿದೆ, ಎರಡು ಉದ್ಧರಣೆ ನೀರು ಅದರಲ್ಲಿ ನಿಲ್ಲುತ್ತದೆ. ನಮಗೆ ಬೆವರುಸಾಲೆಯಾದರೆ ಗಂಧ, ಮೊಡವೆಯಾದರೆ ಗಂಧದ ಜೊತೆಗೆ ಜಾಯಿಕಾಯಿಯ ನಾಲ್ಕು ಸುತ್ತು, ಅದನ್ನು ತೋರುಬೆರಳ ತುದಿಯಿಂದ ಗುಳ್ಳೆಯ ಮೇಲೆ ಮಾತ್ರ ಒಂದು ಬೊಟ್ಟು. ಸ್ನಾನಕ್ಕೆ ಕಡಲೆಹಿಟ್ಟು ಇಲ್ಲವೇ ಹೆಸರುಹಿಟ್ಟು, ತಲೆಗೆ ಸೀಗೆ ಅಥವಾ ಚಿಗರೆಪುಡಿ. 1918ರ ಸುಮಾರಿನಲ್ಲಿ ಮೈಸೂರು ಸರ್ಕಾರವೇ ಗಂಧದ ಸಾಬೂನನ್ನು ಮಾಡಿ ಮಾರತೊಡಗಿದ್ದರೂ, ನಮ್ಮ ಬಚ್ಚಲಿಗೆ ಸಾಬೂನು ನಿತ್ಯದ ವಸ್ತುವಾಗಿ ಬಂದದ್ದು ಬಹಳ ತಡವಾಗಿ. ಈ ಪದ್ಧತಿಯನ್ನು ಈಗ ನೆನೆದು ನೋಡಿದರೆ, ಅದರ ಗುಣವು ಗಂಧದಲ್ಲಿಯೋ ಜಾಯಿಕಾಯಿಯಲ್ಲಿಯೋ ಇದ್ದಿತೆಂದು ನನಗೆ ಅನ್ನಿಸುವುದಿಲ್ಲ. ತಾಯಿ ಏನನ್ನು ಮಾಡುತ್ತಿರಲಿಲ್ಲವೋ ಅದರಲ್ಲಿತ್ತು. ಅವರು ಉಜ್ಜುತ್ತಿರಲಿಲ್ಲ; ಹಿಚುಕಬಿಡುತ್ತಿರಲಿಲ್ಲ, ಕೈ ಹೋದರೆ ಕೈಗೊಂದು ಏಟು ಬೀಳುತ್ತಿತ್ತು; ವಾರಕ್ಕೊಂದು ಹೊಸ ವಸ್ತುವನ್ನು ಮುಖಕ್ಕೆ ಪರಿಚಯಿಸುತ್ತಿರಲಿಲ್ಲ; ಮತ್ತು ಮುಖ್ಯವಾಗಿ, ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲಲು ಬಿಡುತ್ತಿರಲಿಲ್ಲ. ಕನ್ನಡಿಯೂ ಮನೆಗೆಲ್ಲ ಒಂದೇ ಇದ್ದಿತೆನ್ನಿ.

ಇಂದು ಮೊಬೈಲಿನಲ್ಲಿ ಹರಿದುಬರುವ ‘ನೈಸರ್ಗಿಕ’ ಉಪಾಯಗಳಿಗೂ ಆ ಸಾಣೆಕಲ್ಲಿನ ಬೊಟ್ಟಿಗೂ ಹೆಸರಿನಲ್ಲಲ್ಲದೆ ಬೇರೆ ಸಾಮ್ಯವಿಲ್ಲ. ನಿಂಬೆಹಣ್ಣಿನ ರಸವನ್ನು ಮುಖಕ್ಕೆ ಹಿಂಡಿಕೊಳ್ಳಿರೆನ್ನುತ್ತಾರೆ. ನಿಂಬೆಯ ರಸದ ಆಮ್ಲತೆ ಪಿಎಚ್ 2ರ ಆಸುಪಾಸಿನದು, ಚರ್ಮದ್ದು 5ರ ಆಸುಪಾಸಿನದು, ಮತ್ತು ರಸ ಹಚ್ಚಿಕೊಂಡು ಬಿಸಿಲಿಗೆ ಹೋದವರಿಗೆ ಸುಟ್ಟಂಥ ಕಲೆಯಾಗುವುದೂ ಉಂಟು. ಅಡುಗೆ ಸೋಡಾ ಅದರ ವಿರುದ್ಧ ದಿಕ್ಕಿನಲ್ಲಿ ಅಷ್ಟೇ ಹಾನಿಕರ. ಟೂತ್‌ಪೇಸ್ಟಿನ ಮಾತಂತೂ ಬೇಡ. ಅದು ನೈಸರ್ಗಿಕವೆಂದು ಯಾರಿಗೆ ಯಾವಾಗ ತೋರಿತೋ ಕಾಣೆ. ಅರಿಶಿನಕ್ಕೂ ಬೇವಿಗೂ ಉರಿಯೂತವನ್ನು ಶಮನಮಾಡುವ, ಬ್ಯಾಕ್ಟೀರಿಯಾವನ್ನು ತಡೆಯುವ ಗುಣಗಳಿವೆಯೆಂದು ಪ್ರಯೋಗಶಾಲೆಗಳಲ್ಲಿ ಕಂಡಿರುವುದು ದಿಟ. ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲ ಗದ್ದದ ಮೇಲೆ ಕಾಣುವುದಿಲ್ಲ. ಬೇವಿನ ಎಲೆಯನ್ನು ನುಣ್ಣಗೆ ಅರೆದು ಹಚ್ಚಿ ಹತ್ತು ನಿಮಿಷದಲ್ಲಿ ತೊಳೆದುಕೊಂಡರೆ ಅನೇಕರಿಗೆ ಹಿತವಾಗಬಹುದು, ಕೆಲವರಿಗೆ ಉರಿಯಬಹುದು; ಉರಿದರೆ ನಿಲ್ಲಿಸಬೇಕು. ಲೋಳೆಸರದ ಮಾತೂ ಅಷ್ಟೆ. ಅರಿಶಿನ, ಶ್ರೀಗಂಧ, ಹಾಲು, ಎಳನೀರು, ಕಬ್ಬಿನ ರಸಗಳನ್ನೆಲ್ಲ ಕೊಡಕೊಡವಾಗಿ ಮೈಮೇಲೆ ಸುರಿಸಿಕೊಂಡು ನಸುನಗುತ್ತ ನಿಂತಿರಬಲ್ಲಾತನು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಒಬ್ಬನೇ ಇದ್ದಾನೆ. ಅವನ ಮೈ ಶ್ರವಣಬೆಳಗೊಳದ ಬೆಟ್ಟದ ಕಲ್ಲಿನದು, ಅದಕ್ಕೆ ರೋಮಕೂಪಗಳಿಲ್ಲ. ಅವನಿಗೂ ಆ ಅಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ, ಕಳೆದ ಬಾರಿ ಆದದ್ದು 2018ರಲ್ಲಿ. ನಮ್ಮ ಮಕ್ಕಳು ವಾರಕ್ಕೆ ಎರಡು ಮಸ್ತಕಾಭಿಷೇಕ ಮಾಡಿಕೊಳ್ಳುತ್ತಿದ್ದಾರೆ.

ಚನ್ನರಾಯಪಟ್ಟಣವೆಂದ ಮೇಲೆ ತೆಂಗಿನ ಮಾತು ಬರಲೇಬೇಕು. ಕೊಬ್ಬರಿ ಎಣ್ಣೆಯನ್ನು ನಿಂದಿಸಿ ಆ ಸೀಮೆಯಲ್ಲಿ ಬದುಕುವುದು ಕಷ್ಟ. ಆದರೂ ಹೇಳಬೇಕಾದುದನ್ನು ಹೇಳುತ್ತೇನೆ. ಬೆಳಗ್ಗೆ ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿ ಬಾಚಿ ಕಳಿಸಿದ ಮಕ್ಕಳ ಹಣೆಯಂಚಿನಲ್ಲಿ, ಕೂದಲ ಗಡಿಯುದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುವುದನ್ನು ಯಾವ ಶಾಲೆಯ ಅಧ್ಯಾಪಕರಾದರೂ ಕಂಡಿರುತ್ತಾರೆ. ತಲೆಗೆ ಹಚ್ಚುವ ಜಿಡ್ಡಿನಿಂದ ಹಣೆಯಲ್ಲಿ ಮೊಡವೆಯಾಗುವುದನ್ನು ವೈದ್ಯರು 1970ರಷ್ಟು ಹಿಂದೆಯೇ ಬೇರೆ ಬಗೆಯೆಂದು ಗುರುತಿಸಿದ್ದಾರೆ. ಕೊಬ್ಬರಿ ಎಣ್ಣೆಯು ರೋಮಕೂಪಗಳನ್ನು ಕಟ್ಟಿಸುವ ಸ್ವಭಾವದ್ದು. ಒಣಚರ್ಮದ ಕೈಕಾಲಿಗೆ ಅದು ಅಮೃತ, ಮೊಡವೆಯ ಮುಖಕ್ಕಲ್ಲ. ನರಕಚತುರ್ದಶಿಯ ಅಭ್ಯಂಜನವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ, ಅಷ್ಟು ಧೈರ್ಯ ನನಗಿಲ್ಲ. ನಿತ್ಯದ ಎಣ್ಣೆಯನ್ನು ರಾತ್ರಿ ತಲೆಯ ನಡುವಿಗೆ ಮಿತವಾಗಿ ಹಚ್ಚಿ, ಹಣೆಗಿಳಿಯದಂತೆ ನೋಡಿಕೊಂಡು, ಆಗಾಗ ತೊಳೆದುಕೊಂಡರೆ ಎಷ್ಟೋ ಹಣೆಗಳು ತಾವಾಗಿಯೇ ತಿಳಿಯಾಗುತ್ತವೆ.

ಆಹಾರದ ವಿಚಾರದಲ್ಲಿ ನಮ್ಮವರದು ಒಂದೇ ಸಿದ್ಧಾಂತ: ಉಷ್ಣ. ಮೊಡವೆಯೂ ಉಷ್ಣ, ಕಣ್ಣುರಿಯೂ ಉಷ್ಣ, ಕೋಪವೂ ಉಷ್ಣ. ಕಡಲೆಕಾಯಿ ತಿಂದರೆ ಉಷ್ಣ, ಮಾವಿನಹಣ್ಣು ತಿಂದರೆ ಉಷ್ಣ. ನಾನು ಈ ಸಿದ್ಧಾಂತವನ್ನು ಅಲ್ಲಗಳೆಯಲು ಹೊರಟಿಲ್ಲ. ಆದರೆ ಬೆಟ್ಟು ತೋರಿಸುವ ದಿಕ್ಕು ತಪ್ಪಿದೆಯೆಂದು ಕಾಣುತ್ತದೆ. ಪಪುವಾ ನ್ಯೂಗಿನಿಯ ಕಿಟಾವ ಎಂಬ ದ್ವೀಪದಲ್ಲಿ ಗೆಣಸು, ಹಣ್ಣು, ಮೀನು, ತೆಂಗಿನಕಾಯಿಗಳನ್ನು ತಿಂದು ಬದುಕುವ 1200 ಮಂದಿಯನ್ನು ಪರೀಕ್ಷಿಸಿ, ಅವರಲ್ಲಿ ಒಬ್ಬರಿಗೂ ಮೊಡವೆಯಿರಲಿಲ್ಲವೆಂದು 2002ರಲ್ಲಿ ಸಂಶೋಧಕರು ಪ್ರಕಟಿಸಿದರು. (ಮುಖಕ್ಕೆ ಬೇಡವೆಂದ ತೆಂಗು ಹೊಟ್ಟೆಗೆ ಸಲ್ಲುತ್ತದೆಯೆಂಬುದನ್ನು ಚನ್ನರಾಯಪಟ್ಟಣದ ಓದುಗರು ಗಮನಿಸಬೇಕು.) 2007ರಲ್ಲಿ ಆಸ್ಟ್ರೇಲಿಯದಲ್ಲಿ 43 ತರುಣರನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ರಕ್ತದಲ್ಲಿ ಸಕ್ಕರೆಯನ್ನು ತಟಕ್ಕನೆ ಏರಿಸದ ಆಹಾರವನ್ನು 12 ವಾರ ಕೊಟ್ಟು ನೋಡಿದಾಗ, ಆ ಗುಂಪಿನ ಮೊಡವೆಗಳು ಹೆಚ್ಚು ತಗ್ಗಿದವು. ಸಕ್ಕರೆ ಏರಿದಂತೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿದಾಗ ಹಾರ್ಮೋನುಗಳ ಮೂಲಕ ಜಿಡ್ಡಿನ ಗ್ರಂಥಿಗಳಿಗೂ ಕರೆ ಹೋಗುತ್ತದೆ. ಇದಿಷ್ಟು ಕಾರಣಪರಂಪರೆ. ಹಾಲಿಗೂ, ವಿಶೇಷವಾಗಿ ಕೆನೆ ತೆಗೆದ ಹಾಲಿಗೂ ಮೊಡವೆಗೂ ನಂಟಿರಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆ. ಕಾರಣವೆಂದು ಸಿದ್ಧವಾಗಿಲ್ಲವಾದ್ದರಿಂದ, ಮನೆಮನೆಗೂ ಡೇರಿಯಿರುವ ನಮ್ಮ ಜಿಲ್ಲೆಯಲ್ಲಿ ಮಕ್ಕಳ ಲೋಟವನ್ನು ಕಿತ್ತುಕೊಳ್ಳುವ ಅವಸರ ಬೇಡ. ಜಿಮ್ಮಿಗೆ ಹೋಗುವ ಹುಡುಗರು ಡಬ್ಬದಿಂದ ಕಲಸಿ ಕುಡಿಯುವ ಹಾಲಿನ ಪ್ರೋಟೀನ್ ಪುಡಿಯನ್ನು ಮಾತ್ರ, ಬೆನ್ನಿನಲ್ಲಿ ಮೊಡವೆ ಏಳುತ್ತಿದ್ದರೆ, ಒಂದೆರಡು ತಿಂಗಳು ನಿಲ್ಲಿಸಿ ನೋಡುವುದು ಲೇಸು.

ಇಲ್ಲಿ ಹಾಸನದವರಾದ ನಾವು ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿಯನ್ನು ತೆರೆದ ಮೊದಲ ಅಯ್ಯಂಗಾರರು ಹಾಸನದ ಕಡೆಯವರು. ಅವರ ಹಿಂದೆ ಈ ಜಿಲ್ಲೆಯ ಹಳ್ಳಿಗಳಿಂದ ಹೋದವರು ನಾಡಿನ ಮೂಲೆಮೂಲೆಯಲ್ಲಿಯೂ ಖಾರ ಬನ್ನು, ಹನಿ ಕೇಕು, ದಿಲ್‌ಪಸಂದುಗಳನ್ನು ಬೇಯಿಸಿ ಜನರ ಸಂಜೆಗಳನ್ನು ಸಿಹಿಮಾಡಿದರು. ಅದರ ಬಗೆಗೆ ನನಗೆ ಹೆಮ್ಮೆಯೇ ಇದೆ, ಬಸ್ ನಿಲ್ದಾಣದ ಬೇಕರಿಯ ಮುಂದೆ ಹಾದುಹೋಗುವಾಗ ಮೂಗು ತಾನಾಗಿ ತಿರುಗುತ್ತದೆ. ಆದರೆ ಬೆಳಗ್ಗೆ ಏಳಕ್ಕೆ ಬಸ್ಸು ಹಿಡಿಯಬೇಕಾದ ಅರಕಲಗೂಡಿನ ಹುಡುಗ ಮನೆಯಲ್ಲಿ ತಿಂಡಿಯಾಗುವ ಮುನ್ನವೇ ಹೊರಟು, ಹಾಸನದಲ್ಲಿ ಬನ್ನನ್ನೂ ಸಕ್ಕರೆ ತುಂಬಿದ ಟೀಯನ್ನೂ ತಿಂಡಿಯೆಂದು ಸ್ವೀಕರಿಸಿ, ಮಧ್ಯಾಹ್ನ ನಮ್ಮದೇ ಜಿಲ್ಲೆಯ ಆಲೂಗಡ್ಡೆಯನ್ನು ಚಿಪ್ಸಿನ ರೂಪದಲ್ಲಿ ಪೊಟ್ಟಣದಿಂದ ತಿಂದು, ರಾತ್ರಿ ಮನೆಗೆ ಬಂದಾಗ ಹಸಿವಿಲ್ಲವೆಂದು ಮುದ್ದೆಯನ್ನೂ ಹುರುಳಿಕಾಳಿನ ಸಾರನ್ನೂ ಸೊಪ್ಪಿನ ಪಲ್ಯವನ್ನೂ ದೂರ ತಳ್ಳುವುದಾದರೆ, ಅವನ ಅಜ್ಜಿ ಉಷ್ಣವೆಂದು ಕಡಲೆಕಾಯಿಯನ್ನು ಬಚ್ಚಿಡುವುದರಿಂದ ಏನು ಪ್ರಯೋಜನ? ತಿಂಡಿಯಿಂದಲೇ ಮೊಡವೆ ಬರುತ್ತದೆಂದು ಹೇಳಿ ಆ ಹುಡುಗನ ತಲೆಯ ಮೇಲೆ ಮತ್ತೊಂದು ಅಪರಾಧವನ್ನು ಹೊರಿಸುವುದು ನನ್ನ ಉದ್ದೇಶವಲ್ಲ. ಬೇಕರಿಯ ಬಾಗಿಲನ್ನೇ ಕಾಣದವರಿಗೂ ಮೊಡವೆ ಬರುತ್ತದೆ. ವಂಶದಿಂದಲೂ ಬರುತ್ತದೆ, ತಂದೆತಾಯಿಗಳ ಹಳೆಯ ಫೋಟೋಗಳನ್ನು ತೆಗೆದು ನೋಡಿದರೆ ಗೊತ್ತಾಗುತ್ತದೆ.

ಉಳಿದ ಅಭ್ಯಾಸಗಳನ್ನು ಬೇಗ ಹೇಳಿ ಮುಗಿಸಬಹುದು. ದಿನಕ್ಕೆ ಎರಡು ಸಲ ಮೃದುವಾದ ಸಾಬೂನಿನಿಂದ ಮುಖ ತೊಳೆದರೆ ಸಾಕು. ಆರು ಸಲ ತೊಳೆದರೆ ಚರ್ಮ ಒಣಗಿ ಮುನಿಯುತ್ತದೆ. ದಿಂಬಿನ ಕವರನ್ನು ವಾರಕ್ಕೊಮ್ಮೆ ಒಗೆಯಬೇಕು. ಹೆಲ್ಮೆಟ್ಟಿನ ಪಟ್ಟಿ ಗದ್ದವನ್ನು ಒತ್ತುವ ಸ್ಥಳದಲ್ಲಿಯೇ ಮೊಡವೆ ಏಳುತ್ತಿದ್ದರೆ ಪಟ್ಟಿಯನ್ನು ತೊಳೆಯಬೇಕು, ಹೆಲ್ಮೆಟ್ಟನ್ನು ಬಿಡಬಾರದು. ಹಿಚುಕಬಾರದು: ನಮ್ಮ ಕಂದು ಚರ್ಮದಲ್ಲಿ ಹಿಚುಕಿದ ಮೊಡವೆಯ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಆಳದ್ದಾದರೆ ಗುಳಿಯೇ ಬೀಳುತ್ತದೆ. ನಿದ್ರೆಯನ್ನು ಕುರಿತು ಮಕ್ಕಳಿಗೆ ಹೇಳುವ ಅರ್ಹತೆ, ಹನ್ನೆರಡು ಗಂಟೆಯವರೆಗೂ ಮೊಬೈಲು ನೋಡುವ ನಮಗೆ ಉಳಿದಿಲ್ಲ.

ಇಷ್ಟನ್ನೂ ಮಾಡಿದ ಮೇಲೆಯೂ ಮೊಡವೆ ನಿಲ್ಲದಿದ್ದರೆ, ಗಂಟುಗಂಟಾಗಿ ನೋಯುತ್ತಿದ್ದರೆ, ಕಲೆ ಬೀಳುತ್ತಿದ್ದರೆ, ಅಥವಾ ಹೆಣ್ಣುಮಕ್ಕಳಲ್ಲಿ ಮುಟ್ಟು ಕ್ರಮತಪ್ಪಿ ಗದ್ದದ ಸುತ್ತ ಮೊಡವೆಯೂ ರೋಮವೂ ಕಾಣಿಸಿಕೊಂಡಿದ್ದರೆ, ಬೇವು, ಲೋಳೆಸರಗಳನ್ನು ನಂಬಿ ಕುಳಿತುಕೊಳ್ಳುವುದು ಪ್ರಕೃತಿಪ್ರೇಮವಲ್ಲ, ಆಲಸ್ಯ. ಹಾಸನದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ಅದರೊಂದಿಗೆ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಿದೆ; ಆಯುರ್ವೇದದಲ್ಲಿ ವಿಶ್ವಾಸವುಳ್ಳವರಿಗೆ ತಣ್ಣೀರುಹಳ್ಳದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆಯಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಯಾವುದರಿಂದ ಹೊರಟರೂ ಹಾಸನಕ್ಕೆ ಒಂದು ಗಂಟೆಯ ಆಸುಪಾಸಿನ ದಾರಿ. ಆಯುರ್ವೇದವೆಂದರೂ ಬಲ್ಲ ವೈದ್ಯನ ಕೈಯಿಂದ ಆಗಬೇಕಾದ ಶಾಸ್ತ್ರವೇ ಹೊರತು, ಹಸಿರು ಬಣ್ಣದ ಡಬ್ಬಿಯಲ್ಲ. ಲೋಧ್ರ, ಕೊತ್ತಂಬರಿ, ಬಜೆಗಳ ಲೇಪವನ್ನು ಹೇಳುವ ಶಾರ್ಙ್ಗಧರಸಂಹಿತೆಯು ವೈದ್ಯರಿಗಾಗಿ ಬರೆದ ಗ್ರಂಥ. ಅಲೋಪಥಿಯಲ್ಲಿ ಬೆಂಜೋಯಿಲ್ ಪೆರಾಕ್ಸೈಡ್, ಅಡಾಪಲಿನ್, ಅಜೆಲಾಯಿಕ್ ಆಮ್ಲಗಳೆಂಬ ಲೇಪನಗಳು ಸಾಧಾರಣ ಮೊಡವೆಗೆ ಬಹುಕಾಲದಿಂದ ಪರೀಕ್ಷಿತವಾದವು. ತೀವ್ರವಾದುದಕ್ಕೆ ಐಸೋಟ್ರೆಟಿನಾಯಿನ್ ಗುಳಿಗೆಯುಂಟು; ಅದನ್ನು ಗರ್ಭಿಣಿಯರಾಗಲಿ, ಗರ್ಭಧರಿಸುವ ಸಂಭವವುಳ್ಳವರಾಗಲಿ ಸೇವಿಸಿದರೆ ಮಗುವಿಗೆ ಘೋರವಾದ ಅಂಗವೈಕಲ್ಯವಾಗಬಹುದಾದ್ದರಿಂದ, ವೈದ್ಯರ ಕಣ್ಣಳತೆಯ ಆಚೆಗೆ ಅದನ್ನು ಮುಟ್ಟಲೇಕೂಡದು. ಮೊದಲ ಕೆಲವು ವಾರ ಈ ಲೇಪನಗಳಿಂದ ಚರ್ಮ ಒಣಗುತ್ತದೆ, ಸಿಪ್ಪೆಯೇಳುತ್ತದೆ, ಒಮ್ಮೊಮ್ಮೆ ಮೊಡವೆ ಹೆಚ್ಚಿದಂತೆಯೂ ಕಾಣುತ್ತದೆ. ಆಗಲೇ ಬಹುಮಂದಿ ಬಿಟ್ಟುಬಿಡುವುದು. ತೆಂಗಿನ ಸಸಿಯನ್ನು ನೆಟ್ಟು ಮೊದಲ ಹೊಂಬಾಳೆಗಾಗಿ ಆರೇಳು ವರ್ಷ ತುಟಿಪಿಟಕ್ಕೆನ್ನದೆ ಕಾಯಬಲ್ಲ ಮನೆಯವರು, ಮಗಳ ಕೆನ್ನೆಗಾಗಿ ಹನ್ನೆರಡು ವಾರ ಕಾಯಲಾರರು.

ನನ್ನ ಸೋದರಸೊಸೆಯ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ಕೊನೆಗೆ ಅವಳನ್ನು ತೋರಿಸಿದ ವೈದ್ಯೆಯು ಮೊದಲು ಆ ಟ್ಯೂಬನ್ನು ಕ್ರಮಕ್ರಮವಾಗಿ ಬಿಡಿಸಿ, ಬರಿಯ ತೇವಾಂಶದ ಮುಲಾಮಿನಲ್ಲಿ ಚರ್ಮವನ್ನು ಕೆಲವು ತಿಂಗಳು ವಿಶ್ರಾಂತಿಗೆ ಬಿಟ್ಟರು. ಆ ಕಾಲವೇ ಅತ್ಯಂತ ಕಷ್ಟದ್ದು. ಮುಖವು ಮುಂಚಿಗಿಂತ ಕೆಟ್ಟು, ಹುಡುಗಿ ಎರಡು ಮದುವೆಗಳಿಗೆ ಹೋಗಲಿಲ್ಲ, ನನ್ನ ತಂಗಿ ನನ್ನೊಡನೆ ಮಾತು ಬಿಟ್ಟಳು. ಮೊಡವೆಯ ನಿಜವಾದ ಔಷಧ ಆರಂಭವಾದದ್ದು ಅದಾದ ಮೇಲೆ. ಈ ಯುಗಾದಿಗೆ ಹೊಳೆನರಸೀಪುರಕ್ಕೆ ಹೋಗಿದ್ದಾಗ, ಹಿತ್ತಿಲಿನಲ್ಲಿ ನನ್ನ ತಾಯಿ ಒಣಹಾಕಿದ್ದ ದಿಂಬಿನ ಕವರೊಂದನ್ನು ಕೈಯಲ್ಲಿ ಹಿಡಿದು ಚಿಂತಾಕ್ರಾಂತರಾಗಿ ನಿಂತಿದ್ದರು. ಕಡುನೀಲಿಯ ಕವರು, ಅದರ ನಟ್ಟನಡುವೆ, ಮುಖ ತಾಗುವಲ್ಲಿ, ಮೋಡ ಕವಿದಂತೆ ಬಣ್ಣ ಹಾರಿ ಬಿಳಿಯ ತೇಪೆಗಳಾಗಿದ್ದವು. ಬೆಂಜೋಯಿಲ್ ಪೆರಾಕ್ಸೈಡಿನ ಗುಣವೇ ಅದು, ಬಟ್ಟೆಯ ಬಣ್ಣವನ್ನು ತಿನ್ನುತ್ತದೆ.

“ಬಟ್ಟೆನೇ ಹೀಗೆ ಮಾಡೋ ಔಷಧಿ, ಮಗೀನ ಮುಖ ಏನು ಮಾಡೀತೋ” ಎಂದರು ತಾಯಿ.

“ಏನೂ ಮಾಡಲ್ಲ ಅಜ್ಜಿ, ಬಿಳಿ ಕವರ್ ಹಾಕ್ಕೋಬೇಕಿತ್ತು ನಾನು,” ಎಂದು ಒಳಗಿನಿಂದ ಹುಡುಗಿ ಕೂಗಿ ಹೇಳಿದಳು. “ಮಾವ, ಕಾಫಿ ಆರೋಗ್ತಿದೆ, ಬನ್ನಿ.” ಎರಡು ಕಪ್ಪು ಕಲೆಗಳು ಎಡಗೆನ್ನೆಯ ಮೇಲೆ ಇನ್ನೂ ಇದ್ದವು, ಹಣೆಯ ಕೂದಲು ಹಿಂದಕ್ಕೆ ಕಟ್ಟಿತ್ತು.